ಬೋರ್ಡ್ ಬಿಚ್ಚಿ ನೋಡಿ, ಆಮೇಲೆ ಸ್ವಿಚ್ ತಗೊಳ್ಳಿ

ಹೋದ ತಿಂಗಳು ಮನೆಯ ವೈಫೈ ಬಗ್ಗೆ ಬರೆದ ಮೇಲೆ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಸ್ಮಾರ್ಟ್ ಸ್ವಿಚ್, ಅಂದರೆ ಫೋನಿನಿಂದಲೂ ದೀಪ ಹಾಕಿ ಆರಿಸುವ ಸ್ವಿಚ್ ಬಗ್ಗೆಯೇ ಇವೆ. ಮುಂಬೈ, ಪುಣೆ, ಗೋವಾ ಮೂರೂ ಕಡೆಯಿಂದ ಬಂದಿವೆ. ಬಹಳ ಜನ ಸಾಮಾನು ಕೊಂಡ ಮೇಲೆ ಬರೆದಿದ್ದಾರೆ, ಅದೇ ನನಗೆ ಬೇಸರ. ಕೊಳ್ಳುವ ಮೊದಲು ಹತ್ತು ನಿಮಿಷ ಬೋರ್ಡ್ ಬಿಚ್ಚಿ ನೋಡಿದ್ದರೆ ಇವುಗಳಲ್ಲಿ ಎಷ್ಟೋ ಪ್ರಶ್ನೆ ಹುಟ್ಟುತ್ತಲೇ ಇರಲಿಲ್ಲ.

ಡೊಂಬಿವಲಿಯ ಓದುಗರು: ನಮ್ಮದು 1994ರ ಬಿಲ್ಡಿಂಗ್, ಒಂದು ಬೆಡ್‌ರೂಮಿನ ಮನೆ. ಆನ್‌ಲೈನಿನಲ್ಲಿ ಹಳೆ ಸ್ವಿಚ್ಚಿನ ಹಿಂದೆ ಬೋರ್ಡಿನೊಳಗೆ ಕೂರುವ ನಾಲ್ಕು ವೈಫೈ ಸ್ವಿಚ್ ಮಾಡ್ಯೂಲ್ ತರಿಸಿದೆ. ಅದಕ್ಕೆ ಫೇಸ್ ಜೊತೆ ನ್ಯೂಟ್ರಲ್ ಕೂಡ ಬೇಕಂತೆ. ನಮ್ಮ ಸ್ವಿಚ್ಚಿನ ಹಿಂದೆ ಎರಡೇ ವೈರ್, ಎರಡೂ ಕೆಂಪು. ನ್ಯೂಟ್ರಲ್ ಇಲ್ಲ, ಇಡೀ ಮನೆಗೆ ಹೊಸ ವೈರಿಂಗ್ ಆಗಬೇಕು ಅಂತ ಎಲೆಕ್ಟ್ರಿಷಿಯನ್ ಹೇಳುತ್ತಾರೆ. ನಿಜವಾ ಸರ್?

ಹೊಸ ವೈರಿಂಗ್‌ಗೆ ಈಗಲೇ ಹೂಂ ಅನ್ನಬೇಡಿ. ಮೊದಲು ಯಾಕೆ ಹೀಗಿದೆ ಅಂತ ನೋಡೋಣ. ನಮ್ಮ ಮನೆಗಳಲ್ಲಿ ಕರೆಂಟ್ ತರುವ 230 ವೋಲ್ಟಿನ ಫೇಸ್ ವೈರ್ ಸ್ವಿಚ್ಚಿಗೆ ಬರುತ್ತದೆ, ಸ್ವಿಚ್ಚಿನಿಂದ ದೀಪಕ್ಕೆ ಹೋಗುತ್ತದೆ. ನ್ಯೂಟ್ರಲ್, ಅಂದರೆ ಕರೆಂಟ್ ವಾಪಸ್ ಹೋಗುವ ವೈರ್, ನೇರವಾಗಿ ದೀಪಕ್ಕೇ ಹೋಗುತ್ತದೆ. ಮಾಮೂಲಿ ಸ್ವಿಚ್ ದಾರಿಯ ನಡುವಿನ ಗೇಟ್ ಇದ್ದ ಹಾಗೆ, ಅದಕ್ಕೆ ನ್ಯೂಟ್ರಲ್ ಬೇಡ. ಸ್ಮಾರ್ಟ್ ಸ್ವಿಚ್ಚಿನ ಒಳಗೆ ಒಂದು ಪುಟ್ಟ ರೇಡಿಯೋ ಇದೆ, ದೀಪ ಆರಿದ್ದಾಗಲೂ ಅದು ಎಚ್ಚರ ಇರಬೇಕು. ಹಗಲೂ ರಾತ್ರಿ ಅದಕ್ಕೆ ಸ್ವಲ್ಪ ಕರೆಂಟ್ ಬೇಕು, ಅದಕ್ಕೇ ನ್ಯೂಟ್ರಲ್ ಕೇಳುತ್ತದೆ.

ಈಗ ನಿಮ್ಮ ಬೋರ್ಡನ್ನೇ ಇನ್ನೊಮ್ಮೆ ನೋಡಿ. ಅದರಲ್ಲಿ ಪ್ಲಗ್ ಪಾಯಿಂಟ್ ಇದೆಯಾ? ನಮ್ಮ ಕಡೆ ಟ್ಯೂಬ್‌ಲೈಟ್, ಫ್ಯಾನ್, ರೆಗ್ಯುಲೇಟರ್, ಪ್ಲಗ್ ಎಲ್ಲವನ್ನೂ ಒಂದೇ ಬೋರ್ಡಿನಲ್ಲಿ ಕೂರಿಸುವುದು ಹಳೆಯ ರೂಢಿ. ಪ್ಲಗ್ ಇದ್ದ ಮೇಲೆ ಅಲ್ಲಿ ನ್ಯೂಟ್ರಲ್ ಇದ್ದೇ ಇರುತ್ತದೆ, ಇಲ್ಲದಿದ್ದರೆ ಮೊಬೈಲ್ ಚಾರ್ಜರ್ ಹೇಗೆ ಓಡೀತು? ನಿಮ್ಮ ಎಲೆಕ್ಟ್ರಿಷಿಯನ್ ಸ್ವಿಚ್ಚಿನ ಹಿಂದೆ ಮಾತ್ರ ನೋಡಿದ್ದಾರೆ, ಪಕ್ಕದ ಪ್ಲಗ್ಗಿನ ಹಿಂದೆ ನೋಡಿಲ್ಲ ಅಂತ ನನ್ನ ಅನಿಸಿಕೆ. ಪ್ಲಗ್ಗನ್ನು ಎದುರಿನಿಂದ ನೋಡಿದಾಗ ಮೇಲಿನ ದೊಡ್ಡ ತೂತು ಅರ್ಥಿಂಗ್, ಬಲಗಡೆ ಫೇಸ್, ಎಡಗಡೆ ನ್ಯೂಟ್ರಲ್. ನಿಯಮ ಹೀಗಿದೆ. ಹಳೆ ಮನೆಗಳಲ್ಲಿ ಅದಲು ಬದಲು ಆಗಿರುವುದೂ ಉಂಟು, ಎರಡೂ ಕೆಂಪು ವೈರ್ ಇರುವ ನಿಮ್ಮ ಮನೆಯಲ್ಲಿ ಬಣ್ಣವನ್ನಂತೂ ನಂಬಬೇಡಿ, ಟೆಸ್ಟರ್ ಹಿಡಿದೇ ಖಚಿತ ಮಾಡಿಕೊಳ್ಳಿ. ಆ ನ್ಯೂಟ್ರಲ್‌ನಿಂದ ಒಂದು ಗೇಣು ತಾಮ್ರದ ವೈರ್ ಲೂಪ್ ಎಳೆದು ಮಾಡ್ಯೂಲಿಗೆ ಕೊಟ್ಟರೆ ಕೆಲಸ ಮುಗಿಯಿತು.

ಬಾತ್‌ರೂಮಿನ ಹೊರಗಿನ ಬೋರ್ಡು, ಪ್ಯಾಸೇಜಿನ ಬೋರ್ಡು ಇಂಥ ಕಡೆ ಪ್ಲಗ್ ಇರುವುದಿಲ್ಲ. ಅಲ್ಲಿಗೆ ನ್ಯೂಟ್ರಲ್ ಬೇಡದ ಮಾದರಿಯೂ ಸಿಗುತ್ತದೆ. ಅದು ದೀಪದ ಮೂಲಕವೇ ಚೂರು ಕರೆಂಟ್ ಹರಿಸಿಕೊಂಡು ಬದುಕುತ್ತದೆ. ಹಳೆ 60 ವ್ಯಾಟಿನ ಬಲ್ಬಿಗೆ ಅದು ಗೊತ್ತೇ ಆಗುತ್ತಿರಲಿಲ್ಲ, ಈಗಿನ 5 ಅಥವಾ 9 ವ್ಯಾಟಿನ ಎಲ್‌ಇಡಿ ಮಾತ್ರ ಆರಿಸಿದ ಮೇಲೂ ಮಿಣಿ ಮಿಣಿ ಉರಿಯಬಹುದು, ಇಲ್ಲವೇ ಮಿಟುಕಬಹುದು. ಸ್ವಿಚ್ ಜೊತೆ ಒಂದು ಸಣ್ಣ ಕೆಪ್ಯಾಸಿಟರ್ ಕೊಟ್ಟಿದ್ದರೆ ಅದನ್ನು ದೀಪದ ಹೋಲ್ಡರಿನ ಎರಡು ತುದಿಗೆ ಕಟ್ಟಬೇಕು, ಬೋರ್ಡಿನ ಒಳಗಲ್ಲ.

ಇನ್ನೊಂದು ಮಾತು, ಇದನ್ನು ದಯವಿಟ್ಟು ನೆನಪಿಡಿ. ನ್ಯೂಟ್ರಲ್ ಸಿಗದಿದ್ದಾಗ ಕೆಲವರು ಹಸಿರು ಅರ್ಥಿಂಗ್ ವೈರನ್ನೇ ನ್ಯೂಟ್ರಲ್ ಜಾಗಕ್ಕೆ ಕೊಟ್ಟುಬಿಡುತ್ತಾರೆ. ಸ್ವಿಚ್ ನಡೆಯುತ್ತದೆ, ಆದ್ದರಿಂದ ಸರಿಯಾಗಿದೆ ಅಂತಲೇ ಕಾಣುತ್ತದೆ. ಮುಂದೆ ಎಲ್ಲೋ ಅರ್ಥಿಂಗ್ ಸಡಿಲ ಆದ ದಿನ ಅದೇ ವೈರಿನ ಮೂಲಕ ಫ್ರಿಜ್ಜಿನ ಬಾಗಿಲಿಗೂ ವಾಷಿಂಗ್ ಮಷೀನಿನ ಮೈಗೂ ಕರೆಂಟ್ ಬರಬಹುದು. ಯಾರೇ ಹೇಳಲಿ, ಎಷ್ಟೇ ವರ್ಷದ ಅನುಭವ ಇರುವವರು ಹೇಳಲಿ, ಇದಕ್ಕೆ ಒಪ್ಪಬೇಡಿ.

ನೀವೇ ಜೋಡಿಸುತ್ತೀರಾದರೆ ಇಷ್ಟು ಗಮನ ಇರಲಿ. ನಮ್ಮ ಬೋರ್ಡುಗಳಲ್ಲಿ ಫೇಸ್ ಒಂದು ಸ್ವಿಚ್ಚಿನಿಂದ ಇನ್ನೊಂದಕ್ಕೆ ಲೂಪ್ ಆಗಿ ಹೋಗಿರುತ್ತದೆ, ನಡುವಿನದನ್ನು ಬಿಚ್ಚಿದರೆ ಮುಂದಿನವೆಲ್ಲ ಸತ್ತುಹೋಗುತ್ತವೆ. ಬಿಚ್ಚುವ ಮೊದಲು ಫೋನಿನಲ್ಲಿ ನಾಲ್ಕು ಫೋಟೋ ತೆಗೆದಿಟ್ಟುಕೊಳ್ಳಿ. ಮಾಡ್ಯೂಲಿನ ಮೇಲೆ ಎಸ್1, ಎಸ್2 ಅಂತ ಬರೆದ ತುದಿಗಳು ಗೋಡೆಯ ಹಳೆ ಸ್ವಿಚ್ಚಿಗೆ. ಎಷ್ಟೋ ಮಾಡ್ಯೂಲ್‌ಗಳಲ್ಲಿ ಆ ತುದಿಗೆ ಫೇಸ್ ತಾಗಿಸಿದರೆ ಅಲ್ಲೇ ಸುಟ್ಟುಹೋಗುತ್ತದೆ. ಹಾಗಾಗಿ ಹಳೆ ಸ್ವಿಚ್ಚಿನಿಂದ ಫೇಸ್ ವೈರ್ ಬಿಚ್ಚಿ ಮಾಡ್ಯೂಲಿನ ಎಲ್‌ಗೆ ಕೊಡಿ, ದೀಪದ ವೈರನ್ನೂ ಬಿಚ್ಚಿ ಮಾಡ್ಯೂಲಿನ ಔಟ್‌ಗೆ ಕೊಡಿ, ಹಳೆ ಸ್ವಿಚ್ಚಿಗೆ ಎಸ್1, ಎಸ್2 ಮಾತ್ರ ಉಳಿಯಲಿ. ಅವು ತೆಳು ವೈರ್, ಏನೂ ಆಗಲ್ಲ ಅಂತ ಮುಟ್ಟಬೇಡಿ, ಅವೂ ಶಾಕ್ ಹೊಡೆಯಬಹುದು.

ಮೇನ್ ಆಫ್ ಮಾಡಿದ ಮೇಲೂ ಟೆಸ್ಟರ್ ಇಲ್ಲದೆ ಕೈ ಹಾಕಬೇಡಿ. ಠಾಣೆಯಲ್ಲಿ ನನ್ನ ತಂಗಿಯ ಮನೆಯಲ್ಲಿ ಇದೇ ಕೆಲಸ ಮಾಡುವಾಗ ಮೇನ್ ಆಫ್ ಇತ್ತು, ಟಿವಿ ಆರಿತ್ತು, ಫ್ರಿಜ್ ಸದ್ದಿರಲಿಲ್ಲ, ಆದರೂ ನನಗೆ ಶಾಕ್ ಹೊಡೆಯಿತು, ಸ್ಟೂಲಿನಿಂದ ಕೆಳಗೆ ಬಿದ್ದೆ. ಮನೆಯಲ್ಲಿ ಇನ್ವರ್ಟರ್ ಇತ್ತು. ಮೇನ್ ಹೋದ ಕೂಡಲೇ ಇನ್ವರ್ಟರ್ ತನ್ನ ಕೆಲಸ ಶುರು ಮಾಡುತ್ತದೆ, ಅದರ ಲೈನಿನ ದೀಪ, ಫ್ಯಾನುಗಳಲ್ಲಿ ಕರೆಂಟ್ ಹಾಗೇ ಇರುತ್ತದೆ. ಇನ್ವರ್ಟರ್ ಇದ್ದರೆ ಅದನ್ನೂ ಆಫ್ ಮಾಡಿ. ಟೆಸ್ಟರನ್ನು ಮೊದಲು ಕರೆಂಟ್ ಇರುವ ಕಡೆ ಹಿಡಿದು ಅದು ಉರಿಯುತ್ತದಾ ನೋಡಿ, ಆಮೇಲೆ ಮೇನ್ ಆಫ್ ಮಾಡಿ ಬೋರ್ಡಿನಲ್ಲಿ ಹಿಡಿಯಿರಿ. ಕೆಟ್ಟ ಟೆಸ್ಟರ್ ಕೂಡ ಉರಿಯುವುದಿಲ್ಲ ಅಲ್ವಾ? ನಿಮ್ಮ ಹಾಗೆ ಹಳೆ ಬಿಲ್ಡಿಂಗಿನಲ್ಲಿ ಮೇನ್ ಕೆಳಗಿನ ಮೀಟರ್ ರೂಮಿನಲ್ಲಿದ್ದರೆ ಅಲ್ಲಿ ಒಬ್ಬರನ್ನು ನಿಲ್ಲಿಸಿ, ಇಲ್ಲದಿದ್ದರೆ ಯಾರಾದರೂ ಬಂದು ಪಾಪ, ಸಹಾಯ ಅಂತ ಆನ್ ಮಾಡಿಬಿಡುತ್ತಾರೆ. ಬೋರ್ಡ್ ಬಿಚ್ಚಿದಾಗ ವೈರಿನ ಮೈ ಪುಡಿ ಪುಡಿಯಾಗಿ ಉದುರುವುದು ಕಂಡರೆ ಅಲ್ಲಿಗೇ ನಿಲ್ಲಿಸಿ ಲೈಸೆನ್ಸ್ ಇರುವ ವೈರ್‌ಮನ್ ಕರೆಸಿ. ಆಗ ಹೊಸ ವೈರಿಂಗ್ ಮಾತು ನಿಜ ಆಗುತ್ತದೆ, ಸ್ಮಾರ್ಟ್ ಸ್ವಿಚ್ ಇರಲಿ ಬಿಡಲಿ.

ಪುಣೆಯ ವಾಕಡ್‌ನಿಂದ ಒಬ್ಬರು: ಬಾಡಿಗೆ ಫ್ಲ್ಯಾಟ್. ವಿಜಯಪುರದಿಂದ ಅಮ್ಮ ಬಂದು ನಮ್ಮ ಜೊತೆ ಇದ್ದಾರೆ, ವಯಸ್ಸು 74. ರಾತ್ರಿ ಎದ್ದು ಬಾತ್‌ರೂಮಿಗೆ ಹೋಗುವಾಗ ಕತ್ತಲಲ್ಲಿ ತಡವರಿಸುತ್ತಾರೆ. ಗಾಜಿನ ಟಚ್ ಪ್ಯಾನೆಲ್ ಹಾಕಿಸೋಣ ಅಂದುಕೊಂಡಿದ್ದೇನೆ. ಇಲ್ಲವೇ ಸುಮ್ನೆ ಸ್ಮಾರ್ಟ್ ಬಲ್ಬ್ ಹಾಕಿದರೆ ಸಾಕಾ?

ನಿಮ್ಮ ಪತ್ರ ಓದಿ ನನಗೆ ನನ್ನ ಅಮ್ಮನೇ ನೆನಪಾದರು. ಎರಡೂ ಬೇಡ ಅನ್ನುತ್ತೇನೆ. ಗಾಜಿನ ಪ್ಯಾನೆಲ್ ನೋಡಲು ಚೆಂದ, ಆದರೆ ಕತ್ತಲಲ್ಲಿ ಬೆರಳಿಗೆ ಸಿಗುವುದಿಲ್ಲ. ಎಲ್ಲ ಒಂದೇ ನುಣುಪು. ವಯಸ್ಸಾದವರ ಕೈಗೆ ಸ್ವಿಚ್ಚಿನ ಉಬ್ಬು ಬೇಕು, ಟಕ್ ಅನ್ನುವ ಸದ್ದು ಬೇಕು, ಗೋಡೆ ಸವರಿದ ಕೂಡಲೇ ಅದು ಇರುವ ಜಾಗದಲ್ಲೇ ಇರಬೇಕು. ಸ್ಮಾರ್ಟ್ ಬಲ್ಬಿನ ತೊಂದರೆ ಬೇರೆ. ಗೋಡೆಯ ಸ್ವಿಚ್ ಯಾವಾಗಲೂ ಆನ್ ಇದ್ದರೆ ಮಾತ್ರ ಅದು ವೈಫೈಗೆ ಸಿಗುತ್ತದೆ. ಅಮ್ಮ ರೂಢಿಯಂತೆ ದೀಪ ಆರಿಸಿ ಮಲಗುತ್ತಾರೆ, ಮಲಗಬೇಕಾದದ್ದೇ ಹಾಗೆ, ಅಲ್ಲಿಗೆ ನಿಮ್ಮ ಬಲ್ಬ್ ಫೋನಿಗೆ ಸಿಗದು. ಅಮ್ಮನಿಗೆ ಹೇಳಿಕೊಡಿ ಅಂತ ನಾನು ಹೇಳುವುದಿಲ್ಲ. ಮನೆಯೇ ಅವರ ರೂಢಿಗೆ ಹೊಂದಿಕೊಳ್ಳಲಿ.

ಡೊಂಬಿವಲಿಯವರಿಗೆ ಹೇಳಿದ ಅದೇ ಬೋರ್ಡಿನ ಹಿಂದೆ ಕೂರುವ ಮಾಡ್ಯೂಲನ್ನು ಪ್ಯಾಸೇಜ್ ದೀಪಕ್ಕೂ ಬಾತ್‌ರೂಮ್ ದೀಪಕ್ಕೂ ಹಾಕಿ. ಆ ಬೋರ್ಡಿನಲ್ಲಿ ನ್ಯೂಟ್ರಲ್ ಸಿಗದಿದ್ದರೆ ಮೇಲೆ ಹೇಳಿದ ನ್ಯೂಟ್ರಲ್ ಬೇಡದ ಮಾದರಿ ಹಾಕಿ. ಹೊರಗೆ ಅದೇ ಹಳೆ ಸ್ವಿಚ್ ಉಳಿಯುತ್ತದೆ, ಕೈಯಿಂದಲೂ ನಡೆಯುತ್ತದೆ, ಫೋನಿನಿಂದಲೂ ನಡೆಯುತ್ತದೆ. ಜೊತೆಗೆ ಅದೇ ಆ್ಯಪ್‌ಗೆ ಸೇರುವ ಒಂದು ಬ್ಯಾಟರಿಯ ಮೋಷನ್ ಸೆನ್ಸರ್ ತಂದು ಅಮ್ಮನ ಮಂಚದಿಂದ ಇಳಿದರೆ ಕಾಲು ಬೀಳುವ ಜಾಗದ ಕಡೆ, ನೆಲದಿಂದ ಒಂದು ಮೊಳ ಎತ್ತರಕ್ಕೆ ಅಂಟಿಸಿ. ರಾತ್ರಿ 10ರಿಂದ ಬೆಳಗ್ಗೆ 6ರ ತನಕ ಯಾರಾದರೂ ಓಡಾಡಿದರೆ ಪ್ಯಾಸೇಜ್ ದೀಪ ಹತ್ತಲಿ, ಐದು ನಿಮಿಷ ಓಡಾಟ ಇಲ್ಲದಿದ್ದರೆ ಆರಲಿ ಅಂತ ಆ್ಯಪ್‌ನಲ್ಲಿ ಹೇಳಿಟ್ಟರೆ ಸಾಕು. ಒಂದು ನಿಮಿಷ ಅಂತ ಇಡಬೇಡಿ, ಬಾತ್‌ರೂಮಿನ ಒಳಗಿದ್ದಾಗ ಹೊರಗಿನ ದೀಪ ಆರಿದರೆ ವಾಪಸ್ ಬರುವಾಗ ಮತ್ತೆ ಕತ್ತಲು. ದೀಪ ಹಳದಿ ಬಣ್ಣದ್ದು, ಕಡಿಮೆ ವ್ಯಾಟಿನದು ಇರಲಿ, ನಿದ್ದೆಗಣ್ಣಿಗೆ ಬಿಳಿ ಬೆಳಕು ಚುಚ್ಚುತ್ತದೆ.

ಇನ್ನೊಂದು ಸೆಟ್ಟಿಂಗ್ ತಪ್ಪಿಸಬೇಡಿ. ಕರೆಂಟ್ ಹೋಗಿ ಬಂದಾಗ ಸ್ವಿಚ್ ಏನು ಮಾಡಬೇಕು ಅಂತ ಆ್ಯಪ್ ಕೇಳುತ್ತದೆ: ಆನ್, ಆಫ್, ಇಲ್ಲವೇ ಮೊದಲಿದ್ದ ಹಾಗೆ. ಆನ್ ಅಂತ ಇದ್ದರೆ ನಡುರಾತ್ರಿ ಎರಡು ಗಂಟೆಗೆ ಕರೆಂಟ್ ಬಂದಾಗ ಮನೆಯ ದೀಪವೆಲ್ಲ ಒಟ್ಟಿಗೆ ಹತ್ತಿ ಎಲ್ಲರೂ ಬೆಚ್ಚಿ ಏಳುತ್ತಾರೆ. ಮೊದಲಿದ್ದ ಹಾಗೆ ಅಂತ ಇಡಿ. ಮನೆ ಮಾಲೀಕರಿಗೆ ಒಂದು ಮಾತು ತಿಳಿಸಿಯೇ ಕೆಲಸ ಮಾಡಿ. ಬಿಟ್ಟುಹೋಗುವಾಗ ಮಾಡ್ಯೂಲ್ ತೆಗೆದು, ಫೋಟೋ ನೋಡಿ ಹಳೆ ವೈರ್ ಹಾಗೇ ಜೋಡಿಸಿಕೊಡಿ.

ಗೋವಾದ ಮಡಗಾಂವ್‌ನಿಂದ: ಹಳೆಯ ಕಾಲದ ದೊಡ್ಡ ಮನೆಯಲ್ಲಿ ಬಾಡಿಗೆಗಿದ್ದೇವೆ. ಚಿರೆಕಲ್ಲಿನ ದಪ್ಪ ಗೋಡೆ. ಫೈಬರ್ ಬಂದಿರುವುದು ಮುಂದಿನ ಜಗಲಿಗೆ, ರೌಟರ್ ಅಲ್ಲೇ ಇದೆ. ಹಿಂದಿನ ಎರಡು ಕೋಣೆ ಮತ್ತು ಅಡುಗೆಮನೆಗೆ ವೈಫೈ ಬರುವುದೇ ಇಲ್ಲ. ರಿಪೀಟರ್ ಹಾಕಿದೆವು, ಕಡ್ಡಿ ತೋರಿಸುತ್ತದೆ, ವಿಡಿಯೋ ಮಾತ್ರ ತಿರುಗುತ್ತಲೇ ಇರುತ್ತದೆ. ಅಲ್ಲಿ ಸ್ಮಾರ್ಟ್ ಸ್ವಿಚ್ ಹಾಕುವ ಆಸೆ.

ಇದು ನನಗೆ ತುಂಬಾ ಇಷ್ಟದ ಪ್ರಶ್ನೆ, ಯಾಕೆಂದರೆ ಇದಕ್ಕೆ ಗಟ್ಟಿ ಉತ್ತರ ಇದೆ. ವೈಫೈಗೆ ಎರಡು ದಾರಿ. 2.4 ಗಿಗಾಹರ್ಟ್ಸ್ ದೂರ ಹೋಗುತ್ತದೆ, ಗೋಡೆಯನ್ನೂ ಸ್ವಲ್ಪ ದಾಟುತ್ತದೆ, ವೇಗ ಕಡಿಮೆ. 5 ಗಿಗಾಹರ್ಟ್ಸ್ ವೇಗ ಜಾಸ್ತಿ, ಗೋಡೆ ಕಂಡರೆ ಸೋಲುತ್ತದೆ. ಚಿರೆಕಲ್ಲು ತೂತು ತೂತಾದ ಕಲ್ಲು, ಮಳೆಗಾಲದಲ್ಲಿ ನೀರು ಹೀರಿಕೊಳ್ಳುತ್ತದೆ, ಒದ್ದೆ ಗೋಡೆ ಸಿಗ್ನಲ್ಲನ್ನು ಇನ್ನೂ ಜಾಸ್ತಿ ನುಂಗುತ್ತದೆ. ಜೂನ್ ಆದ ಮೇಲೆ ವೈಫೈ ಕೆಟ್ಟಿತು ಅಂತ ನಿಮಗೆ ಅನಿಸಿದ್ದರೆ ಅದು ಬರೀ ಭ್ರಮೆ ಇರಲಾರದು.

ನೀವು ತಂದ ರಿಪೀಟರ್ ಒಂದೇ ರೇಡಿಯೋದಲ್ಲಿ ಕೇಳಿ ಅದರಲ್ಲೇ ಮತ್ತೆ ಹೇಳುವ ಮಾದರಿ ಇರಬೇಕು. ಕೇಳುವಾಗ ಹೇಳಲಾಗದು, ಹೇಳುವಾಗ ಕೇಳಲಾಗದು, ಹಾಗಾಗಿ ವೇಗ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಅದರ ಮೇಲೆ ಬಹಳ ಜನ ಅದನ್ನು ಸಿಗ್ನಲ್ ಸತ್ತ ಕೋಣೆಯಲ್ಲೇ ಇಡುತ್ತಾರೆ. ಅದಕ್ಕೇ ಏನೂ ಕೇಳಿಸದಿದ್ದರೆ ನಿಮಗೆ ಏನು ಹೇಳೀತು? ಕಡ್ಡಿ ತೋರಿಸುವುದು ನಿಮ್ಮ ಫೋನಿಗೂ ರಿಪೀಟರಿಗೂ ನಡುವಿನ ಬಲವನ್ನು, ಇಂಟರ್‌ನೆಟ್ಟಿನ ಬಲವನ್ನಲ್ಲ.

ಮುಂದಿನ ರೌಟರಿನಿಂದ ಹಿಂದಿನ ಕೋಣೆಗೆ ಒಂದು ನೆಟ್‌ವರ್ಕ್ ಕೇಬಲ್ ಎಳೆಯಿರಿ. ಕ್ಯಾಟ್ 6 ಕೇಬಲ್ 100 ಮೀಟರ್ ತನಕ ಏನೂ ಕುಂದದೆ ಹೋಗುತ್ತದೆ, ನಿಮ್ಮ ಮನೆಗೆ 25 ಮೀಟರ್ ಸಾಕಾದೀತು. ಬಾಗಿಲ ಚೌಕಟ್ಟಿನ ಮೇಲೆ ಕೇಸಿಂಗ್ ಪಟ್ಟಿ ಹೊಡೆದು ಒಳಗಿಂದಲೇ ತಂದರೆ ಒಳ್ಳೆಯದು. ಅಂಗಡಿಯಲ್ಲಿ ಪೂರ್ತಿ ತಾಮ್ರದ್ದೇ ಅಂತ ಕೇಳಿ ತಗೊಳ್ಳಿ. ಅಲ್ಯೂಮಿನಿಯಂ ಮೇಲೆ ತಾಮ್ರ ಬಳಿದ ಅಗ್ಗದ ಕೇಬಲ್ ಬಾಗಿಸಿದಲ್ಲಿ ಮುರಿಯುತ್ತದೆ. ಕರೆಂಟಿನ ವೈರ್ ಇರುವ ಪೈಪಿನೊಳಗೆ ಇದನ್ನು ತೂರಿಸಬೇಡಿ.

ಹಿಂದಿನ ಕೋಣೆಯಲ್ಲಿ ಇನ್ನೊಂದು ರೌಟರ್ ಇಡಿ, ಹಳೆಯದು ಮನೆಯಲ್ಲಿ ಬಿದ್ದಿದ್ದರೆ ಅದೇ ಆದೀತು. ಅದರ ಸೆಟ್ಟಿಂಗಿನಲ್ಲಿ ಆ್ಯಕ್ಸೆಸ್ ಪಾಯಿಂಟ್ ಮೋಡ್ ಆರಿಸಿ, ಆಗ ಅದು ಕೇಬಲ್ಲಿನಲ್ಲಿ ಬಂದದ್ದನ್ನು ವೈಫೈ ಆಗಿ ಹರಡುವ ಕೆಲಸ ಮಾತ್ರ ಮಾಡುತ್ತದೆ. ಆ ಆಯ್ಕೆ ಇಲ್ಲದ ಹಳೆ ಮಾದರಿಯಾದರೆ ಅದರ ಐಪಿ ವಿಳಾಸವನ್ನು ಮೊದಲ ರೌಟರಿನದಕ್ಕಿಂತ ಬೇರೆ ಮಾಡಿ, ಅಂದರೆ ಅದು 192.168.1.1 ಆದರೆ ಇದು 192.168.1.2 ಇರಲಿ, ಡಿಎಚ್‌ಸಿಪಿ (ಫೋನುಗಳಿಗೆ ಐಪಿ ವಿಳಾಸ ಹಂಚುವ ಕೆಲಸ) ಆಫ್ ಮಾಡಿ, ಕೇಬಲ್ಲನ್ನು ಹೊರಗಿನ ಇಂಟರ್‌ನೆಟ್ಟಿಗೆ ಅಂತ ಇರುವ ವ್ಯಾನ್ (WAN) ತೂತಿಗಲ್ಲ, ಮನೆಯೊಳಗಿನ ಸಾಧನಗಳಿಗೆ ಇರುವ ಲ್ಯಾನ್ (LAN) ತೂತಿಗೆ ಹಾಕಿ. ವೈಫೈ ಹೆಸರು, ಪಾಸ್‌ವರ್ಡ್ ಎರಡರಲ್ಲೂ ಒಂದೇ ಇಟ್ಟರೆ ಫೋನ್ ತಾನೇ ಹತ್ತಿರದ್ದನ್ನು ಹಿಡಿಯುತ್ತದೆ. 2.4ರಲ್ಲಿ ಒಂದಕ್ಕೊಂದು ತಾಗದ ಚಾನೆಲ್‌ಗಳು 1, 6, 11. ಮುಂದಿನದಕ್ಕೆ 1 ಕೊಟ್ಟರೆ ಹಿಂದಿನದಕ್ಕೆ 11 ಕೊಡಿ.

ಕೇಬಲ್ ತುದಿಗೆ ನೀವೇ ಜ್ಯಾಕ್ ಒತ್ತಿ ಕೂರಿಸುವುದಾದರೆ, ಅಂದರೆ ಕ್ರಿಂಪ್ ಮಾಡುವುದಾದರೆ, ಎರಡೂ ಕಡೆ ಒಂದೇ ಸಾಲು ಇರಲಿ: ಬಿಳಿ ಕಿತ್ತಳೆ, ಕಿತ್ತಳೆ, ಬಿಳಿ ಹಸಿರು, ನೀಲಿ, ಬಿಳಿ ನೀಲಿ, ಹಸಿರು, ಬಿಳಿ ಕಂದು, ಕಂದು. 1 ಗಿಗಾಬಿಟ್ ವೇಗಕ್ಕೆ ಎಂಟೂ ಎಳೆ ಬೇಕು, 100 ಮೆಗಾಬಿಟ್‌ಗೆ ನಾಲ್ಕೇ ಸಾಕು. ಆದ್ದರಿಂದ ಎಲ್ಲ ಸರಿ ಇದ್ದೂ ಹಿಂದಿನ ಕೋಣೆಯಲ್ಲಿ ವೇಗ ಎಷ್ಟು ಮಾಡಿದರೂ 95ರ ಹತ್ತಿರವೇ ನಿಲ್ಲುತ್ತಿದ್ದರೆ ಪ್ಲಾನ್ ಬದಲಿಸಲು ಹೋಗಬೇಡಿ, ಒಂದು ಎಳೆ ಕೂತಿಲ್ಲ ಅಂತ ತಿಳಿದು ಜ್ಯಾಕ್ ಮತ್ತೆ ಕ್ರಿಂಪ್ ಮಾಡಿ. ಇನ್ನು ಅಂಗಳ ದಾಟಿ ಹೊರಮನೆಗೆ ತಾಮ್ರದ ಕೇಬಲ್ ಎಳೆಯುವ ಯೋಚನೆ ಇದ್ದರೆ ಬಿಡಿ. ಸಿಡಿಲಿನ ದಿನಗಳಲ್ಲಿ ಅದು ಎರಡೂ ಕಡೆಯ ಉಪಕರಣ ಸುಡಬಹುದು. ಅಲ್ಲಿಗೆ ಫೈಬರ್ ಎಳೆಯಿರಿ, ಗಾಜಿನ ಎಳೆಯಲ್ಲಿ ಕರೆಂಟ್ ಹರಿಯುವುದಿಲ್ಲ.

ಮಾಟುಂಗಾದಿಂದ: ಸ್ವಿಚ್ ಜೋಡಿಸಿದ್ದೇನೆ, ಕೈಯಿಂದ ಸರಿಯಾಗಿ ನಡೆಯುತ್ತದೆ. ಆದರೆ ಆ್ಯಪ್‌ನಲ್ಲಿ ಸೇರಿಸಲು ಹೋದರೆ ಪ್ರತಿ ಸಲ ಫೇಲ್ ಅಂತ ಬರುತ್ತದೆ. ಸ್ವಿಚ್ಚೇ ಕೆಟ್ಟಿದೆಯಾ?

ಇರಲಾರದು. ಇಂಥ ಸ್ವಿಚ್‌ಗಳಲ್ಲಿ ಹೆಚ್ಚಿನವು 2.4 ಗಿಗಾಹರ್ಟ್ಸ್ ಮಾತ್ರ ಬಲ್ಲವು. ನಿಮ್ಮ ರೌಟರ್ ಎರಡಕ್ಕೂ ಒಂದೇ ಹೆಸರು ಕೊಟ್ಟಿದೆ, ಫೋನ್ 5ರಲ್ಲಿ ಕೂತಿದೆ, ಇಬ್ಬರೂ ಒಬ್ಬರನ್ನೊಬ್ಬರು ಕಾಣುತ್ತಿಲ್ಲ. ರೌಟರಿನಲ್ಲಿ ಗೆಸ್ಟ್ ನೆಟ್‌ವರ್ಕ್, ಅಂದರೆ ಅತಿಥಿಗಳಿಗೆ ಅಂತ ಇರುವ ಬೇರೆ ವೈಫೈ, ಶುರು ಮಾಡಿ, ಅದನ್ನು 2.4ಕ್ಕೆ ಮಾತ್ರ ಬಿಡಿ, ಅದರ ಭದ್ರತೆಯ ಸೆಟ್ಟಿಂಗಿನಲ್ಲಿ ಡಬ್ಲ್ಯುಪಿಎ3 ಬದಲು ಡಬ್ಲ್ಯುಪಿಎ2 ಇಡಿ. ಫೋನನ್ನು ಅದಕ್ಕೆ ಸೇರಿಸಿ, ಆ್ಯಪ್‌ಗೆ ಲೊಕೇಶನ್ ಅನುಮತಿ ಕೊಟ್ಟು ಮತ್ತೆ ಪ್ರಯತ್ನಿಸಿ. ಗೆಸ್ಟ್‌ನಲ್ಲಿ ಸಾಧನಗಳು ಒಂದಕ್ಕೊಂದು ಕಾಣದ ಹಾಗೆ ತಡೆ ಇದ್ದರೆ ಜೋಡಿಸುವಷ್ಟು ಹೊತ್ತು ತೆಗೆಯಿರಿ. ಸ್ವಿಚ್ಚುಗಳನ್ನೆಲ್ಲ ಗೆಸ್ಟ್‌ನಲ್ಲೇ ಉಳಿಸುವುದರಿಂದ ಇನ್ನೊಂದು ಲಾಭ ಇದೆ. ನಾಳೆ ಯಾವುದೋ ಅಗ್ಗದ ಸ್ವಿಚ್ಚಿನೊಳಗೆ ಯಾರಾದರೂ ನುಸುಳಿದರೂ ನಿಮ್ಮ ಲ್ಯಾಪ್‌ಟಾಪ್ ತನಕ ಸುಲಭಕ್ಕೆ ಬರಲಾರರು. ಹಾಗೇ ರೌಟರಿನ ಅಡ್ಮಿನ್ ಪಾಸ್‌ವರ್ಡ್ ಬದಲಿಸಿದ್ದೀರಾ? ಕೂಡಲೇ ಬದಲಿಸಿ.

ನವಿ ಮುಂಬೈಯಿಂದ: ಎರಡು ಸ್ಮಾರ್ಟ್ ಸ್ವಿಚ್ ಹಾಕಿದ ದಿನದಿಂದ ಹಾಲ್ ದೀಪ ಹಾಕಿದ ಕೂಡಲೇ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಬಿದ್ದು ಮನೆಯೆಲ್ಲ ಕತ್ತಲು. ಬೆಡ್‌ರೂಮಿಗೆ ಏನೂ ತೊಂದರೆ ಇಲ್ಲ.

ನೀವು ಫೇಸ್ ಒಂದು ಸರ್ಕಿಟ್ಟಿನಿಂದ, ನ್ಯೂಟ್ರಲ್ ಆ ಆರ್‌ಸಿಸಿಬಿಯ ಮೂಲಕ ಹೋಗದ ಇನ್ನೊಂದು ಸರ್ಕಿಟ್ಟಿನಿಂದ ತಗೊಂಡಿದ್ದೀರಿ ಅಂತ ಕಾಣುತ್ತದೆ. ಆರ್‌ಸಿಸಿಬಿ ಹೋದ ಕರೆಂಟೆಲ್ಲ ತನ್ನ ಮೂಲಕವೇ ವಾಪಸ್ ಬಂತಾ ಅಂತ ಎಣಿಸುತ್ತಾ ಕೂತಿರುತ್ತದೆ, ಮನೆಗಳಲ್ಲಿ ಸಾಮಾನ್ಯವಾಗಿ ಹಾಕುವುದು 30 ಮಿಲಿಆಂಪಿಯರ್ ವ್ಯತ್ಯಾಸ ಕಂಡರೆ ಬೀಳುವಂಥದ್ದು. ಬೇರೆ ದಾರಿಯಿಂದ ವಾಪಸ್ ಹೋದರೆ ಅದರ ಲೆಕ್ಕದಲ್ಲಿ ಅದು ಯಾರಿಗೋ ಶಾಕ್ ಹೊಡೆದ ಹಾಗೆ. ಇಲ್ಲವೇ ಮೇಲೆ ಹೇಳಿದ ಹಾಗೆ ಅರ್ಥಿಂಗನ್ನೇ ನ್ಯೂಟ್ರಲ್ ಮಾಡಿರಬಹುದು. ಎರಡನ್ನೂ ನೋಡಿ ಸರಿ ಮಾಡಿ. ಕಿರಿಕಿರಿ ತಪ್ಪಲಿ ಅಂತ ಆರ್‌ಸಿಸಿಬಿಯನ್ನೇ ತೆಗೆಸಿಬಿಡಬೇಡಿ, ನಿಮ್ಮ ಮನೆಯ ಮಕ್ಕಳನ್ನು ಕಾಯುತ್ತಿರುವುದು ಅದೇ.

ಪುಣೆ ಕೋಥ್ರೂಡ್‌ನಿಂದ: ಗೀಸರಿಗೂ ಫ್ಯಾನಿಗೂ ಅದೇ ಮಾಡ್ಯೂಲ್ ಹಾಕಬಹುದಾ? ಮತ್ತೆ ಇಂಟರ್‌ನೆಟ್ ಹೋದ ದಿನ ಸ್ವಿಚ್ ಗತಿ ಏನು?

ಗೀಸರಿಗೆ ಬೇಡ. 3000 ವ್ಯಾಟಿನ ಗೀಸರ್ 13 ಆಂಪಿಯರ್ ಎಳೆಯುತ್ತದೆ, ಸಣ್ಣ ಮಾಡ್ಯೂಲಿನ ಮೇಲೆ 10 ಅಂತ ಬರೆದಿದ್ದರೆ ಅದು ಕರಗುತ್ತದೆ. ಗೀಸರಿಗೆಂದೇ ಮಾಡಿದ 16 ಅಥವಾ 20 ಆಂಪಿಯರಿನದು ಸಿಗುತ್ತದೆ, ಅದೇ ಹಾಕಿ. ಫ್ಯಾನ್ ಆನ್ ಆಫ್ ಮಾಡಲು ಅಡ್ಡಿಯಿಲ್ಲ. ವೇಗ ಬದಲಿಸಲು ಫ್ಯಾನ್ ಅಂತಲೇ ಬರೆದಿರುವ ಮಾಡ್ಯೂಲ್ ಬೇಕು, ದೀಪದ ಡಿಮ್ಮರಿಗೆ ಕಟ್ಟಿದರೆ ಗುಂಯ್ ಅಂತ ಸದ್ದು ಮಾಡಿ ಬಿಸಿಯಾಗುತ್ತದೆ. ರಿಮೋಟ್ ಇರುವ ಬಿಎಲ್‌ಡಿಸಿ ಅನ್ನುವ ಕಡಿಮೆ ಕರೆಂಟಿನ ಫ್ಯಾನಾದರೆ ರೆಗ್ಯುಲೇಟರ್ ಯಾವುದೂ ಬೇಡ.

ಇಂಟರ್‌ನೆಟ್ ಹೋದರೂ ಕೈಯಿಂದ ಸ್ವಿಚ್ ನಡೆಯುತ್ತದೆ, ಹಳೆ ಸ್ವಿಚ್ ಉಳಿಸಿಕೊಳ್ಳಿ ಅನ್ನುವುದು ಅದಕ್ಕೇ. ಫೋನಿನಿಂದ ನಡೆಯುತ್ತದಾ ಅನ್ನುವುದು ಕಂಪನಿಯ ಮೇಲೆ ಹೋಗುತ್ತದೆ. ಕೆಲವು ಸ್ವಿಚ್‌ಗಳು ನಿಮ್ಮ ಪಕ್ಕದ ಕೋಣೆಯ ದೀಪ ಹಚ್ಚಲೂ ದೂರದ ಸರ್ವರಿಗೆ ಹೋಗಿ ಬರುತ್ತವೆ, ಕಂಪನಿ ಮುಚ್ಚಿದರೆ ಅಲ್ಲಿಗೆ ಮುಗಿಯಿತು. 2022ರಲ್ಲಿ ಬಂದ ಮ್ಯಾಟರ್ ಅನ್ನುವ ಗುರುತು ಇರುವ ಸ್ವಿಚ್‌ಗಳು ಮನೆಯ ಒಳಗೇ ಮಾತಾಡಿಕೊಳ್ಳಬಲ್ಲವು. ಯಾವುದನ್ನೇ ತಂದರೂ ಒಂದನ್ನು ಮಾತ್ರ ಮೊದಲು ತನ್ನಿ. ಜೋಡಿಸಿ, ಫೋನಿನ ಮೊಬೈಲ್ ಡೇಟಾ ಆಫ್ ಮಾಡಿ, ರೌಟರ್ ಆನ್ ಇಟ್ಟು ಅದಕ್ಕೆ ಬರುವ ಇಂಟರ್‌ನೆಟ್ ಕೇಬಲ್ಲನ್ನು ಮಾತ್ರ ಬಿಚ್ಚಿ ದೀಪ ಹಾಕಿ ನೋಡಿ. ಹತ್ತಿದರೆ ಉಳಿದವನ್ನು ತರಿಸಿ. ಹತ್ತದಿದ್ದರೆ ವಾಪಸ್ ಮಾಡುವ ದಿನ ಮುಗಿಯುವ ಮೊದಲೇ ಕಳಿಸಿಬಿಡಿ.